ಮನೆಯಲ್ಲಿ ಮಾಯುವ ಗಾಯ: ಉತ್ತರ ಬೆಂಗಳೂರಿನ ಸಮುದಾಯ ಶುಶ್ರೂಷೆಯಲ್ಲಿ ವ್ರಣೋಪಚಾರ

ಗಾಯದ ಆರೈಕೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಆರಂಭವಾಗಿ, ಪಟ್ಟಿ ಕಟ್ಟಿ ರೋಗಿಯನ್ನು ಮನೆಗೆ ಕಳಿಸುವಲ್ಲಿಗೆ ಮುಗಿದುಬಿಡುತ್ತದೆ. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಮಾಯದೆ ಉಳಿಯುವ ಗಾಯಗಳಲ್ಲಿ ಹೆಚ್ಚಿನವು ಮನೆಯಲ್ಲೇ ಆಳವಾಗುತ್ತವೆ, ಮಾಯುವುದಾದರೂ ಮನೆಯಲ್ಲೇ ಮಾಯಬೇಕಾಗುತ್ತದೆ. ಹಾಸಿಗೆ ಹಿಡಿದವರ ಸೊಂಟದ ಹುಣ್ಣು, ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣು, ಅಭಿಧಮನಿ ಉಬ್ಬಿದವರ ಕಣಕಾಲಿನ ಹುಣ್ಣು, ಕ್ಯಾನ್ಸರ್ ಗಡ್ಡೆ ಚರ್ಮ ಸೀಳಿ ಹೊರಬಂದಾಗ ಆಗುವ ಹುಣ್ಣು, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಚರ್ಮ ಹಾಗೂ ಅದರ ಕೆಳಗಿನ ಕೊಬ್ಬು, ಸ್ನಾಯುಗಳು ಸಾಕಷ್ಟು ರಕ್ತ ಮತ್ತು ಪೋಷಣೆ ಪಡೆದು ಜೀವದಿಂದ ಉಳಿಯುವ ಸಾಮರ್ಥ್ಯವನ್ನು ಅಂಗಾಂಶ ಜೀವಂತಿಕೆ ಎಂದು ಕರೆಯಲಾಗುತ್ತದೆ. ಬ್ರಿಟನ್ನಿನಲ್ಲಿ ಇದು ಶುಶ್ರೂಷೆಯ ಒಂದು ಪ್ರತ್ಯೇಕ ಪರಿಣತಿಯಾಗಿಯೇ ಬೆಳೆದು, 1981ರಲ್ಲಿ ಅದಕ್ಕಾಗಿಯೇ ಒಂದು ಸಂಘ ಸ್ಥಾಪನೆಯಾಯಿತು. ಗಾಯಕ್ಕೆ ಏನು ಹಚ್ಚಬೇಕು ಎಂಬುದಕ್ಕಿಂತ ಮೊದಲು ಆ ಜಾಗದ ಚರ್ಮ ಏಕೆ ಸತ್ತಿತು ಎಂದು ಕೇಳುವುದು ಈ ಪರಿಣತಿಯ ಮೂಲ ಕ್ರಮ. ಆ ಪ್ರಶ್ನೆಯನ್ನು ಮನೆಯೊಳಗೆ ನಿಂತು ಕೇಳಬಲ್ಲವರು ಸಮುದಾಯದ ನರ್ಸ್‌ಗಳೇ ಆದ್ದರಿಂದ, ಮಹಾನಗರದ ಗಾಯಗಳ ಹೊಣೆಯಲ್ಲಿ ಅವರಿಗೆ ಈಗಿರುವುದಕ್ಕಿಂತ ಬಹಳ ದೊಡ್ಡ ಸ್ಥಾನ ಸಲ್ಲಬೇಕು ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

ವ್ರಣಚಿಕಿತ್ಸೆಗೆ ಈ ನೆಲದಲ್ಲಿ ದೀರ್ಘ ಪರಂಪರೆಯಿದೆ. ಸುಶ್ರುತ ಸಂಹಿತೆ ಗಾಯಕ್ಕೆ 60 ಬಗೆಯ ಉಪಕ್ರಮಗಳನ್ನು ಹೇಳುವಾಗ, ಮಾದ ಜಾಗಕ್ಕೆ ಮೊದಲಿನ ಬಣ್ಣವನ್ನೂ ಕೂದಲನ್ನೂ ಮರಳಿಸುವವರೆಗೆ ವೈದ್ಯನ ಹೊಣೆಯನ್ನು ವಿಸ್ತರಿಸುತ್ತದೆ. ಮನೆಗೆ ಹೋಗಿ ಶುಶ್ರೂಷೆ ಮಾಡುವ ಸಂಘಟಿತ ಪದ್ಧತಿ ಮಾತ್ರ ಈಚಿನದು. ಲಿವರ್‌ಪೂಲಿನ ವರ್ತಕ ವಿಲಿಯಂ ರಾಥ್‌ಬೋನ್ 1859ರಲ್ಲಿ, ತನ್ನ ಪತ್ನಿಯ ಕೊನೆಯ ಕಾಯಿಲೆಯಲ್ಲಿ ಆರೈಕೆ ಮಾಡಿದ್ದ ನರ್ಸ್ ಮೇರಿ ರಾಬಿನ್ಸನ್ ಅವರನ್ನು ಬಡವರ ಮನೆಗಳಿಗೆ ಕಳಿಸಿದ್ದರಿಂದ ಅದು ಮೊದಲಾಯಿತು. ಅದೇ ಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲ್, ಹಾಸಿಗೆ ಹುಣ್ಣಾದರೆ ಅದಕ್ಕೆ ಕಾಯಿಲೆಗಿಂತ ಹೆಚ್ಚಾಗಿ ಶುಶ್ರೂಷೆಯ ಕೊರತೆಯೇ ಕಾರಣವೆಂದು ಬರೆದರು. ಇಂದಿನ ಅರಿವಿನ ಪ್ರಕಾರ ಸಾವಿನ ಅಂಚಿನಲ್ಲಿರುವ ಕೆಲವರಲ್ಲಿ ಎಷ್ಟು ಆರೈಕೆ ಮಾಡಿದರೂ ಹುಣ್ಣು ತಪ್ಪದಿರಬಹುದಾದ್ದರಿಂದ ಆ ಮಾತನ್ನು ಸ್ವಲ್ಪ ಸಡಿಲಿಸಬೇಕಾಗಿದೆ. ಅದರ ತಿರುಳು ಮಾತ್ರ ಉಳಿದಿದೆ.

ಉತ್ತರ ಬೆಂಗಳೂರನ್ನು ಈ ವಿಷಯದ ಅಧ್ಯಯನಕ್ಕೆ ಆರಿಸಿಕೊಳ್ಳಲು ಕಾರಣವಿದೆ. 1973ರಿಂದ ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆ, ಮತ್ತಿಕೆರೆಯ ಪಕ್ಕದ ಎಂ.ಎಸ್. ರಾಮಯ್ಯ ಆಸ್ಪತ್ರೆ, ಯಲಹಂಕದ ಸರ್ಕಾರಿ ಸಾರ್ವಜನಿಕ ಆಸ್ಪತ್ರೆ, ಇವುಗಳ ಜೊತೆಗೆ ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಎದ್ದು ನಿಂತಿರುವ ಖಾಸಗಿ ಆಸ್ಪತ್ರೆಗಳು ಸೇರಿ ಇಲ್ಲಿ ಚಿಕಿತ್ಸೆಗೆ ಕೊರತೆಯಿಲ್ಲವೆಂದು ತೋರುತ್ತದೆ. ಆದರೆ ಪಾರ್ಶ್ವವಾಯು ಬಡಿದು ಆರ್.ಟಿ. ನಗರದ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ ಮಲಗಿರುವವರಿಗೆ, ಲಿಫ್ಟ್ ಇಲ್ಲದ ಕಟ್ಟಡದ ಕಿರಿದಾದ ಮೆಟ್ಟಿಲು ಇಳಿಯುವುದೇ ಸಾಧ್ಯವಿಲ್ಲದಾಗ, ಎರಡು ಕಿಲೋಮೀಟರ್ ಆಚೆಗಿರುವ ಆಸ್ಪತ್ರೆ ಎರಡು ಜಿಲ್ಲೆಗಳ ಆಚೆಗಿದ್ದಂತೆಯೇ. ದಿನ ಬಿಟ್ಟು ದಿನ ಡ್ರೆಸ್ಸಿಂಗ್‌ಗೆ ಬನ್ನಿ ಎಂಬ ಸೂಚನೆಯನ್ನು ಪಾಲಿಸಲು ಅಂಥ ಮನೆಯಲ್ಲಿ ಇಬ್ಬರು ಕೆಲಸಕ್ಕೆ ರಜೆ ಹಾಕಬೇಕು, ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಬೇಕು, ಆಟೊ ಹಿಡಿಯಬೇಕು. ಹಾಗೆ ಕುರ್ಚಿಯಲ್ಲೂ ಆಟೊದಲ್ಲೂ ಆಸ್ಪತ್ರೆಯ ಬೆಂಚಿನ ಮೇಲೂ ಕಳೆದ ಹೊತ್ತು ಹುಣ್ಣಿನ ಮೇಲೆ ಮತ್ತಷ್ಟು ಒತ್ತಡ ಹೇರಿರುತ್ತದೆ.

ಒತ್ತಡದ ಹುಣ್ಣು ಆಗುವ ಬಗೆ ಹೀಗಿದೆ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಮಾಂಸದಲ್ಲಿ ಲೋಮನಾಳಗಳು, ಅಂದರೆ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು, ಮುಚ್ಚಿಕೊಂಡು ರಕ್ತ ನಿಲ್ಲುತ್ತದೆ. 1930ರಲ್ಲಿ ಯೂಜೀನ್ ಲ್ಯಾಂಡಿಸ್ ಈ ನಾಳಗಳ ಆರಂಭದ ತುದಿಯಲ್ಲಿ ಅಳೆದ ಒತ್ತಡ ಸರಾಸರಿ 32 ಮಿಲಿಮೀಟರ್ ಪಾದರಸದಷ್ಟಿತ್ತು. ಅನಂತರದ ಸಂಶೋಧನೆಗಳು ಅದನ್ನು ಎಲ್ಲರಿಗೂ ಒಪ್ಪುವ ಗಡಿರೇಖೆಯೆಂದು ಒಪ್ಪಿಲ್ಲವಾದರೂ, ಹೆಚ್ಚು ಒತ್ತಡ ಸ್ವಲ್ಪ ಹೊತ್ತಿನಲ್ಲೂ ಕಡಿಮೆ ಒತ್ತಡ ಬಹಳ ಹೊತ್ತಿನಲ್ಲೂ ಸಮಾನ ಹಾನಿ ಮಾಡಬಲ್ಲವೆಂಬುದು ಸ್ಪಷ್ಟವಾಗಿದೆ. ಒತ್ತಡದ ಜೊತೆಗೆ ಜಾರೆಳೆತವೂ ಸೇರುತ್ತದೆ. ದಿಂಬುಗಳಿಗೆ ಒರಗಿಸಿ ಕೂರಿಸಿದ ರೋಗಿ ನಿಧಾನವಾಗಿ ಕೆಳಕ್ಕೆ ಜಾರುವಾಗ ಚರ್ಮ ಹಾಸಿಗೆಗೆ ಅಂಟಿ ನಿಂತು ಒಳಗಿನ ಮೂಳೆ ಮಾತ್ರ ಮುಂದೆ ಸರಿಯುವುದರಿಂದ, ನಡುವಿನ ನಾಳಗಳು ಎಳೆದು ಹರಿಯುತ್ತವೆ. ಮೂತ್ರ, ಬೆವರಿನ ತೇವದಲ್ಲಿ ನೆನೆದ ಚರ್ಮ ಇದನ್ನು ತಡೆಯಲಾರದು. ಹಾಸಿಗೆ ಹಾಳಾಗದಿರಲೆಂದು ಹಾಸುವ ರೆಕ್ಸಿನ್ ಅಥವಾ ರಬ್ಬರ್ ಶೀಟು ಹಾಸಿಗೆಯನ್ನು ಉಳಿಸಿ, ಬೆವರನ್ನು ಹಿಡಿದಿಟ್ಟು ಚರ್ಮವನ್ನು ಕೆಡಿಸುತ್ತದೆ.

ಹಾನಿ ಒಳಗಿನಿಂದ ಹೊರಕ್ಕೆ ಬೆಳೆಯುವುದರಿಂದ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಹುಣ್ಣನ್ನು ನಾಲ್ಕು ಹಂತಗಳಲ್ಲಿ ಗುರುತಿಸುವ ಪದ್ಧತಿಯಲ್ಲಿ ಮೊದಲನೆಯದು, ಚರ್ಮ ಒಡೆಯದೆ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದಿರುವ ಸ್ಥಿತಿ. ಕೊನೆಯದು ಸ್ನಾಯು, ಮೂಳೆಗಳು ಕಾಣುವ ಸ್ಥಿತಿ. ಇಲ್ಲಿ ಪಠ್ಯಪುಸ್ತಕದ ಒಂದು ಗಂಭೀರ ದೋಷವನ್ನು ಎತ್ತಿ ಹೇಳಬೇಕು. ಬಿಳಿಯ ಚರ್ಮದವರನ್ನು ನೋಡಿ ಬರೆದ ಈ ಲಕ್ಷಣ ಕನ್ನಡ ನಾಡಿನ ಕಪ್ಪು, ಗೋಧಿ ಬಣ್ಣದ ಮೈಯಲ್ಲಿ ಕಾಣಿಸುವುದೇ ಕಷ್ಟ. ಅಲ್ಲಿ ಕೆಂಪಿನ ಬದಲು ಸುತ್ತಲಿನದಕ್ಕಿಂತ ಗಾಢವಾದ ಅಥವಾ ನೇರಳೆ ಛಾಯೆ, ಮುಟ್ಟಿದರೆ ಬಿಸಿ ಅಥವಾ ತಣ್ಣನೆಯ ವ್ಯತ್ಯಾಸ, ಗಟ್ಟಿಯಾದ ಇಲ್ಲವೇ ಮೆತ್ತಗಾದ ಅನುಭವ, ರೋಗಿ ಹೇಳುವ ನೋವು, ಇವೇ ಸೂಚನೆಗಳು. ಆದ್ದರಿಂದ ನರ್ಸ್ ಕಣ್ಣಿನಷ್ಟೇ ಬೆರಳಿನ ಹಿಂಭಾಗವನ್ನೂ ನಂಬಿ ಪರೀಕ್ಷಿಸಬೇಕು, ಮನೆಯವರಿಗೂ ಅದನ್ನೇ ಕಲಿಸಬೇಕು.

ಯಾರಿಗೆ ಹುಣ್ಣಾಗಬಹುದೆಂದು ಮೊದಲೇ ಅಂದಾಜಿಸಲು ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1987ರಲ್ಲಿ ಪ್ರಕಟಿಸಿದ ಮಾಪನ ಹೆಚ್ಚು ಬಳಕೆಯಲ್ಲಿದೆ. ಸ್ಪರ್ಶಜ್ಞಾನ, ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಆಹಾರ, ಉಜ್ಜಾಟ ಎಂಬ ಆರು ಅಂಶಗಳಿಗೆ ಅಂಕ ಕೊಟ್ಟು ಕೂಡಿದರೆ 6ರಿಂದ 23ರವರೆಗೆ ಮೊತ್ತ ಬರುತ್ತದೆ. 18 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಪಾಯವೆಂದು ಎಣಿಸುತ್ತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬ ರೂಢಿಯ ಬೆನ್ನಿಗೆ 1962ರಲ್ಲಿ ಡೋರೀನ್ ನಾರ್ಟನ್ ಮತ್ತು ಸಂಗಡಿಗರು ಇಂಗ್ಲೆಂಡಿನ ವೃದ್ಧರ ವಾರ್ಡುಗಳಲ್ಲಿ ಮಾಡಿದ ಅಧ್ಯಯನವಿದೆ. ಆದರೆ ಮೂರು ಪಾಳಿಯಲ್ಲಿ ಬದಲಾಗುವ ವಾರ್ಡಿನ ನರ್ಸ್‌ಗಳ ಗಡಿಯಾರವನ್ನು, ಹಗಲು ಗಾರ್ಮೆಂಟ್ಸ್‌ಗೆ ದುಡಿಯಲು ಹೋಗಿ ರಾತ್ರಿ ಅತ್ತೆಯನ್ನು ನೋಡಿಕೊಳ್ಳುವ ಒಬ್ಬಳೇ ಸೊಸೆಯ ಮೇಲೆ ಹೇರುವುದು ನ್ಯಾಯವಲ್ಲ. ಒಳ್ಳೆಯ ಹಾಸಿಗೆಯಿದ್ದರೆ, ಚರ್ಮ ತಡೆದುಕೊಳ್ಳುತ್ತಿದೆಯೆಂದು ಬೆಳಗ್ಗೆ ನೋಡಿ ಖಚಿತಪಡಿಸಿಕೊಂಡರೆ, ರಾತ್ರಿಯ ಅಂತರವನ್ನು ಹಿಗ್ಗಿಸಬಹುದು. ಆ ತೀರ್ಮಾನವನ್ನು ರೋಗಿಯ ಮೈ ನೋಡಿ ಕೈಗೊಳ್ಳುವುದೇ ನರ್ಸ್‌ನ ಪರಿಣತಿ.

ಮಗ್ಗುಲು ಬದಲಿಸುವ ಕ್ರಿಯೆಯನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ಎಷ್ಟು ತಿಳಿವಳಿಕೆ ಅಡಗಿದೆಯೆಂಬುದು ಗೊತ್ತಾಗುತ್ತದೆ. ಹಳೆಯ ಹತ್ತಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ರೋಗಿಯ ಅಡಿಗೆ ಸೇರಿಸಿ, ಇಬ್ಬರು ಎರಡು ಬದಿಯಲ್ಲಿ ಅದರ ಅಂಚು ಹಿಡಿದು ಎತ್ತಿ ಸರಿಸಬೇಕು. ಕಂಕುಳಿಗೆ ಕೈ ಹಾಕಿ ಎಳೆದರೆ ಸೊಂಟದ ಚರ್ಮ ಉಜ್ಜಿಹೋಗುತ್ತದೆ. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ತೊಡೆಯ ಹೊರಮೂಳೆಯ ಮೇಲೆ ಭಾರ ಬೀಳುವುದರಿಂದ, ಬೆನ್ನಿನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ಓರೆಯಾಗಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಉದ್ದಕ್ಕೂ ದಿಂಬು ಇಟ್ಟು, ಹಿಮ್ಮಡಿಯ ಕೆಳಗೆ ಅಂಗೈ ಸಲೀಸಾಗಿ ಹೋಗಿಬರುತ್ತದೆಯೇ ಎಂದು ನೋಡಬೇಕು. ಕೈಗವಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗಿಡುವ, ನಡುವೆ ತೂತಿರುವ ಗಾಳಿ ರಿಂಗಿನ ಮೇಲೆ ಕೂರಿಸುವ, ಬಣ್ಣ ಬದಲಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವ ರೂಢಿಗಳು ಇಂದಿಗೂ ಪ್ರೀತಿಯಿಂದಲೇ ನಡೆಯುತ್ತಿವೆ. ಮೊದಲನೆಯದು ಒತ್ತಡವನ್ನು ತಗ್ಗಿಸುವುದಿಲ್ಲ, ಎರಡನೆಯದು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ, ಮೂರನೆಯದು ಮೊದಲೇ ಜರ್ಜರಿತವಾದ ಮಾಂಸವನ್ನು ಇನ್ನಷ್ಟು ನಲುಗಿಸುತ್ತದೆ. ಪ್ರೀತಿಯನ್ನು ನೋಯಿಸದೆ ಪದ್ಧತಿಯನ್ನು ಬದಲಿಸುವುದು ಮನೆಗೆ ಹೋಗುವ ನರ್ಸ್‌ಗೆ ಬೇಕಾದ ಸೂಕ್ಷ್ಮ.

ಸಕ್ಕರೆ ಕಾಯಿಲೆಯ ಪಾದದ ಕಥೆ ಇದಕ್ಕಿಂತ ವ್ಯಾಪಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರವ್ಯಾಪಿ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜಿಸಿತು. ವರ್ಷಗಳ ಕಾಲ ಹತೋಟಿ ತಪ್ಪಿದ ಸಕ್ಕರೆ ಪಾದದ ನರಗಳನ್ನು ಕುಂದಿಸಿದಾಗ ಜೋಮು ಹಿಡಿದು, ಕೊನೆಗೆ ನೋವೇ ತಿಳಿಯದಂತಾಗುತ್ತದೆ. ನೋವಿಲ್ಲದಿರುವುದೇ ಗಾಯಕ್ಕೆ ಕಾರಣವಾಗುವುದನ್ನು ವೈದ್ಯಲೋಕಕ್ಕೆ ಮನದಟ್ಟು ಮಾಡಿಸಿದ್ದು ಮಧುಮೇಹವಲ್ಲ, ಕುಷ್ಠ. ತಮಿಳುನಾಡಿನ ಬೆಟ್ಟಸೀಮೆಯಲ್ಲಿ 1914ರಲ್ಲಿ ಹುಟ್ಟಿ 1946ರಿಂದ ವೆಲ್ಲೂರಿನಲ್ಲಿ ಕೆಲಸ ಮಾಡಿದ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕಾಲ್ಬೆರಳು ಕೊಳೆತು ಉದುರುವುದಿಲ್ಲ, ಸ್ಪರ್ಶವಿಲ್ಲದ ಪಾದ ದಿನದಿನವೂ ಪೆಟ್ಟು ತಿಂದು ಸವೆಯುತ್ತದೆ ಎಂದು ತೋರಿಸಿದರು. ಪಾದವನ್ನು ಪೂರ್ತಿ ಆವರಿಸುವ ಪ್ಲಾಸ್ಟರ್ ಅಚ್ಚು ಹಾಕಿ ಭಾರವನ್ನು ಹಂಚುವ ವಿಧಾನ, ಮೆತ್ತನೆಯ ಸೂಕ್ಷ್ಮರಂಧ್ರ ರಬ್ಬರಿನ ಅಟ್ಟೆಯುಳ್ಳ ಚಪ್ಪಲಿ, ಇವು ಕುಷ್ಠದ ಆರೈಕೆಯಿಂದ ಮಧುಮೇಹದ ಆರೈಕೆಗೆ ಬಂದ ಕೊಡುಗೆಗಳು. ಸಮಾಜ ದೂರವಿಟ್ಟವರ ಶುಶ್ರೂಷೆಯಲ್ಲಿ ಕಲಿತ ಪಾಠದಿಂದ ಇಂದು ಕೋಟ್ಯಂತರ ಜನರ ಕಾಲು ಉಳಿಯಬಹುದಾಗಿದೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಇಲ್ಲಿನ ಪಾದಕ್ಕೆ ಇಲ್ಲಿನವೇ ಆದ ಅಪಾಯಗಳಿವೆ. ಬೇಸಿಗೆಯ ಮಧ್ಯಾಹ್ನ ಕಾದ ಕಲ್ಲುಚಪ್ಪಡಿಯ ಮೇಲೆ ಪ್ರದಕ್ಷಿಣೆ, ವ್ರತದ ದಿನಗಳಲ್ಲಿ ಬರಿಗಾಲ ನಡಿಗೆ, ಕಾಲಿನಿಂದ ಜಾರಿಹೋದರೂ ಗೊತ್ತಾಗದ ಹವಾಯಿ ಚಪ್ಪಲಿ, ನೆಲದ ಮೇಲೆ ಮಲಗಿದವರ ಜೋಮು ಹಿಡಿದ ಬೆರಳನ್ನು ರಾತ್ರಿ ಇಲಿ ಕಚ್ಚಿದರೂ ಎಚ್ಚರವಾಗದಿರುವುದು, ಬಾವು ಬಂದ ಬೆರಳನ್ನು ಕತ್ತರಿಸುವಂತೆ ಬಿಗಿಯುವ ಕಾಲುಂಗುರ. ಮುತ್ತೈದೆಯ ಗುರುತಾದ ಕಾಲುಂಗುರವನ್ನು ತೆಗೆಯಿರಿ ಎಂಬ ಆಜ್ಞೆ ಮನೆಯಲ್ಲಿ ನಡೆಯದು. ಅದನ್ನು ಸಡಿಲಗೊಳಿಸಿ, ದಿನವೂ ಸರಿಸಿ ಅಡಿಯ ಚರ್ಮ ನೋಡಿ, ಬೆರಳ ಸಂದಿಯನ್ನು ಒಣಗಿಸಿರೆಂಬ ಸಲಹೆ ನಡೆಯುತ್ತದೆ. ಸ್ಪರ್ಶ ಪರೀಕ್ಷೆಗೆ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಇಲ್ಲದಿದ್ದರೆ, ಬ್ರಿಟನ್ನಿನ ಇಪ್ಸ್‌ವಿಚ್ ಊರಿನ ಹೆಸರಿನಲ್ಲಿ 2011ರಲ್ಲಿ ಪ್ರಕಟವಾದ ಬಲು ಸರಳ ಕ್ರಮವಿದೆ: ರೋಗಿ ಕಣ್ಣು ಮುಚ್ಚಿರುವಾಗ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಹಗುರಾಗಿ ಮುಟ್ಟಿ ಕೇಳುವುದು. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶ ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ. ಇದನ್ನು ಮೊಮ್ಮಗಳೂ ಮಾಡಬಲ್ಲಳು. ಆಣಿ ಗಟ್ಟಿದ ಜಾಗದ ಅಡಿಯಲ್ಲಿ ಹುಣ್ಣು ಅಡಗಿರಬಹುದಾದ್ದರಿಂದ ಅದನ್ನು ಬ್ಲೇಡಿನಿಂದ ಮನೆಯಲ್ಲೇ ಕೆರೆಯಬಾರದು. ಪಾದದ ಮೇಲ್ಭಾಗದ ನಾಡಿ ಸಿಗದಿದ್ದರೆ, ಬೆರಳು ಕಪ್ಪಾಗಿದ್ದರೆ, ದುರ್ವಾಸನೆಯೊಡನೆ ಜ್ವರ ಬಂದಿದ್ದರೆ ಆ ದಿನವೇ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿ ಮನೆಯ ಆರೈಕೆಗೆ ಜಾಗವಿಲ್ಲ.

ಕಣಕಾಲಿನ ಹುಣ್ಣಿನ ವಿಷಯ ಸಂಕ್ಷಿಪ್ತ. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲಿ, ಹೋಟೆಲಿನ ಒಲೆಯ ಮುಂದಿನ ಅಡುಗೆಭಟ್ಟ, ಹೆಬ್ಬಾಳದ ವೃತ್ತದಲ್ಲಿ ದಿನವಿಡೀ ನಿಲ್ಲುವ ಸಂಚಾರ ಪೊಲೀಸ್, ಇಂಥವರಲ್ಲಿ ಅಭಿಧಮನಿಯ ಕವಾಟ ಸಡಿಲಗೊಂಡು ರಕ್ತ ಕಾಲಿನಲ್ಲೇ ನಿಂತು ಚರ್ಮ ಒಡೆಯುತ್ತದೆ. ಇದಕ್ಕೆ ಮದ್ದು ಮುಲಾಮಲ್ಲ, ಕಾಲ್ಬೆರಳ ಬುಡದಿಂದ ಮಂಡಿಯವರೆಗೆ ಬಿಗಿಯಾಗಿ ಸುತ್ತುವ ಪಟ್ಟಿ. ಆದರೆ ಸುತ್ತುವ ಮೊದಲು ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸಲೇಬೇಕು, ಅನುಪಾತ 0.8ಕ್ಕಿಂತ ಕಡಿಮೆಯಿದ್ದರೆ ಧಮನಿಯ ತಡೆಯಿರುವುದರಿಂದ ಪೂರ್ಣ ಬಿಗಿತ ಕಾಲನ್ನೇ ಕಳೆಯಬಲ್ಲದು. ಮಧುಮೇಹಿಗಳಲ್ಲಿ ಧಮನಿಗೆ ಸುಣ್ಣ ಕಟ್ಟಿ ಈ ಅನುಪಾತ ಹುಸಿಯಾಗಿ ಏರಿರಬಹುದೆಂಬ ಎಚ್ಚರವೂ ಬೇಕು.

ಗಾಯ ತೊಳೆಯುವ ವಿಷಯದಲ್ಲಿ ಮನೆಗಳಲ್ಲಿ ಟಿಂಕ್ಚರ್, ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್‌ಗಳ ಮೇಲಿನ ನಂಬಿಕೆ ಬಲವಾಗಿದೆ. ಉರಿದರೆ ಕೆಲಸ ಮಾಡುತ್ತಿದೆ ಎಂಬುದು ಎಣಿಕೆ. ಉರಿಸುವ ದ್ರವ ಕ್ರಿಮಿಯ ಜೊತೆಗೆ ಹೊಸದಾಗಿ ಚಿಗುರುತ್ತಿರುವ ಜೀವಕೋಶವನ್ನೂ ಕೊಲ್ಲುತ್ತದೆ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪಿನ ದ್ರಾವಣವಾಗಲಿ, ಕುಡಿಯಲು ಯೋಗ್ಯವಾದ ಶುದ್ಧ ನೀರಾಗಲಿ ಸಾಕು. ಯಾವ ನೀರು ಎಂಬ ಪ್ರಶ್ನೆ ಇಲ್ಲಿ ಸಣ್ಣದಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡದ್ದು 2024ರ ಅಕ್ಟೋಬರ್‌ನಲ್ಲಿ. ಯಲಹಂಕದ ಸುತ್ತಲಿನ ಅನೇಕ ಬಡಾವಣೆಗಳು ಅಲ್ಲಿಯವರೆಗೂ ಕೊಳವೆಬಾವಿ, ಟ್ಯಾಂಕರ್‌ಗಳನ್ನೇ ನಂಬಿದ್ದವು. ಟ್ಯಾಂಕರ್ ನೀರಾದರೆ ಕುದಿಸಿ ಆರಿಸಿಯೇ ಬಳಸಬೇಕು.

ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಿ ಹಕ್ಕಳೆ ಕಟ್ಟಿಸಬೇಕೆಂಬ ಭಾವನೆಯನ್ನು 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಮಾಡಿದ ಪ್ರಯೋಗ ಬುಡಮೇಲು ಮಾಡಿತು. ಪ್ಲಾಸ್ಟಿಕ್ ಹಾಳೆಯಡಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ವೇಗದಲ್ಲಿ ಹರಡಿತು. ಅಂಟಿಕೊಳ್ಳದ, ಹದವಾದ ತೇವ ಉಳಿಸುವ ಹೊದಿಕೆ ದುಬಾರಿಯೇ ಆಗಬೇಕಿಲ್ಲ. ಮುಂಬೈನಲ್ಲಿ ಸುಟ್ಟಗಾಯಗಳಿಗೆ ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನೂ, ಅನಂತರ ಕ್ರಿಮಿಶುದ್ಧಗೊಳಿಸಿದ ಬಾಳೆಎಲೆಯನ್ನೂ ಹೊದಿಸಿ, ಬಿಚ್ಚುವಾಗಿನ ನೋವು ಬಹಳ ಕಡಿಮೆಯಾಗುವುದನ್ನು ವೈದ್ಯರು ದಾಖಲಿಸಿದ್ದಾರೆ. ತೋಟದಿಂದ ಕೊಯ್ದ ಎಲೆಯನ್ನು ಹಾಗೆಯೇ ಕಟ್ಟಬೇಕೆಂದು ಇದರ ಅರ್ಥವಲ್ಲ. ಬೆಲೆಯೇ ಗುಣದ ಅಳತೆಯಲ್ಲ ಎಂಬುದಷ್ಟೇ ಅರ್ಥ.

ಊಟದ ವಿಷಯದಲ್ಲಿ ಆಗುವ ನಷ್ಟವನ್ನು ಕಂಡು ಮೌನವಾಗಿರುವಂತಿಲ್ಲ. ಗಾಯವಾದವರಿಗೆ ಮೊಟ್ಟೆ, ಮೀನು, ಕೋಳಿ, ಬದನೆ, ಕುಂಬಳ ಕೊಟ್ಟರೆ ನಂಜಾಗುತ್ತದೆಂದು ಅನ್ನ, ತಿಳಿಸಾರಿನ ಪಥ್ಯದಲ್ಲೇ ತಿಂಗಳು ಕಳೆಯುವ ಮನೆಗಳು ಅನೇಕ. ಹುಣ್ಣು ತುಂಬಿಕೊಳ್ಳುವ ಹೊಸ ಮಾಂಸ ಪ್ರೊಟೀನಿನಿಂದಲೇ ಆಗಬೇಕು. ಒತ್ತಡದ ಹುಣ್ಣಿರುವವರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೊಟೀನ್ ಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. 50 ಕಿಲೋ ತೂಗುವವರಿಗೆ ಅದು 62.5ರಿಂದ 75 ಗ್ರಾಂ ಆಗುತ್ತದೆ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಮೊಟ್ಟೆ ಒಲ್ಲದ ಮನೆಯಲ್ಲಿ ಮೊಳಕೆ ಹೆಸರುಕಾಳು, ಹುರಿಗಡಲೆ, ಕಡಲೆಬೀಜ, ಹಾಲು, ಮೊಸರು, ಮುದ್ದೆಯ ಜೊತೆ ಗಟ್ಟಿಯಾದ ಕಾಳಿನ ಸಾರು ಸೇರಿಸಿ ಲೆಕ್ಕ ಹಾಕಿ ಕೊಡಬಹುದು. ಮೂತ್ರಪಿಂಡ ಕುಂದಿದವರಿಗೆ ಮಾತ್ರ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು. ಹಿರಿಯರ ನಂಬಿಕೆಯನ್ನು ಹಳಿಯುವುದರಿಂದ ತಟ್ಟೆ ಬದಲಾಗದು. ನರ್ಸ್ ಪ್ರತಿವಾರ ಗಾಯದ ಉದ್ದಗಲ ಅಳೆದು ಬರೆದಿಟ್ಟು, ಊಟ ಬದಲಾದ ಮೇಲೆ ಅಳತೆ ಇಳಿಯುವುದನ್ನು ತೋರಿಸಿದಾಗ ಬದಲಾಗುತ್ತದೆ.

ಆ ಅಳತೆಗೆ ಬೇರೆ ಮಹತ್ವವೂ ಇದೆ. ಮಧುಮೇಹದ ಪಾದದ ಹುಣ್ಣು ಸರಿಯಾದ ಆರೈಕೆಯ ನಾಲ್ಕು ವಾರಗಳಲ್ಲಿ ಅರ್ಧದಷ್ಟಾದರೂ ಕುಗ್ಗದಿದ್ದರೆ ಹನ್ನೆರಡು ವಾರದಲ್ಲೂ ಮಾಯುವ ಸಂಭವ ಕಡಿಮೆ. ಆದ್ದರಿಂದ ಅದೇ ಡ್ರೆಸ್ಸಿಂಗನ್ನು ಮುಂದುವರಿಸದೆ ರಕ್ತಸಂಚಾರ, ಮೂಳೆಯ ಸೋಂಕು, ಪಾದದ ಭಾರ ಇವುಗಳನ್ನು ಮತ್ತೆ ಪರೀಕ್ಷಿಸಬೇಕು. ಅಳತೆಯಿಲ್ಲದ ಡ್ರೆಸ್ಸಿಂಗ್ ತಿಂಗಳುಗಳನ್ನು ನುಂಗಿ, ಕಾಲು ಕತ್ತರಿಸುವ ಮೇಜಿಗೆ ರೋಗಿಯನ್ನು ತಲುಪಿಸುತ್ತದೆ.

ಮಾಯದ ಗಾಯವೂ ಶುಶ್ರೂಷೆಯ ಪಾಲಿಗೆ ಸೇರಿದ್ದೇ. ಬಾಯಿ, ಸ್ತನಗಳ ಕ್ಯಾನ್ಸರ್ ಹುಣ್ಣಿನಲ್ಲಿ ಗುರಿ ಗುಣಪಡಿಸುವುದಲ್ಲ. ನೋವು, ರಕ್ತಸ್ರಾವ, ದುರ್ವಾಸನೆಗಳನ್ನು ತಗ್ಗಿಸಿ, ಮೊಮ್ಮಕ್ಕಳು ಹತ್ತಿರ ಬಂದು ಕೂರುವಂತೆ ಮಾಡುವುದು. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಗಾಯದ ಮೇಲೆ ಉದುರಿಸುವ ಅಗ್ಗದ ಉಪಾಯದಿಂದ ವಾಸನೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಉಪಶಾಮಕ ಆರೈಕೆಯ ತಂಡ ಇಂಥವರ ಮನೆಗಳಿಗೇ ಹೋಗುವ ಪದ್ಧತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಗಾಯದ ಆರೈಕೆಯನ್ನು ಮನೆಯಲ್ಲೇ ಮಾಡಬಹುದೆಂಬುದಕ್ಕೆ ಈ ಭಾಗದಲ್ಲಿ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಎಲ್ಲ ಮನೆಗೂ ಇದು ಏಕೆ ತಲುಪಿಲ್ಲ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಆಸ್ಪತ್ರೆಯ ಚಿಕಿತ್ಸೆಗೆ ರೂಪುಗೊಂಡಿರುವುದರಿಂದ ಕಾಲು ಕತ್ತರಿಸಲು ನೆರವು ದೊರೆಯುತ್ತದೆ, ಕಾಲು ಉಳಿಸುವ ತಿಂಗಳುಗಳ ಮನೆ ಡ್ರೆಸ್ಸಿಂಗಿಗೆ ಕುಟುಂಬವೇ ದುಡ್ಡು ಹೊಂದಿಸಬೇಕು. ಹೋಮ್ ನರ್ಸ್ ಎಂದು ಏಜೆನ್ಸಿಗಳ ಮೂಲಕ ಬರುವವರಲ್ಲಿ ಅನೇಕರು ಶುಶ್ರೂಷೆಯ ಶಿಕ್ಷಣವನ್ನೇ ಪಡೆಯದ ದುಡಿಮೆಗಾರರು. ತಪ್ಪು ಅವರದಲ್ಲ, ಅವರಿಗೆ ಕಲಿಸುವ ವ್ಯವಸ್ಥೆಯಿಲ್ಲದಿರುವುದು. ಆದರೆ ಬಳಸಿಕೊಳ್ಳಬಹುದಾದ ವ್ಯವಸ್ಥೆ ಆಗಲೇ ಇದೆ. 2022ರ ಡಿಸೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಒಬ್ಬ ಶುಶ್ರೂಷಾಧಿಕಾರಿ ಇರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಮೊದಲಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಹೋಗಿ ರಕ್ತದೊತ್ತಡ, ಸಕ್ಕರೆ ತಪಾಸಣೆ ಮಾಡುತ್ತಾರೆ. ಸಕ್ಕರೆ ನೋಡಲು ಹೋದವರು ರೋಗಿಯ ಚಪ್ಪಲಿ ಬಿಚ್ಚಿಸಿ ಅಂಗಾಲನ್ನೂ ನೋಡುವಂತೆ, ಹಾಸಿಗೆ ಹಿಡಿದವರಿದ್ದರೆ ಹೊದಿಕೆ ಸರಿಸಿ ಸೊಂಟ, ಹಿಮ್ಮಡಿಯನ್ನೂ ಮುಟ್ಟಿ ನೋಡುವಂತೆ ತರಬೇತಿ ಕೊಟ್ಟರೆ ಹೊಸ ಕಟ್ಟಡವೊಂದನ್ನೂ ಕಟ್ಟದೆ ಅರ್ಧ ಕೆಲಸ ಆಗುತ್ತದೆ. ಉಳಿದರ್ಧಕ್ಕೆ, ಪ್ರತಿ ಕ್ಲಿನಿಕ್ಕಿನಲ್ಲೂ ಒಂದು ಗಾಯದ ವಹಿ ಇರಬೇಕು, ಒಬ್ಬ ನರ್ಸ್‌ಗೆ ವಾರದಲ್ಲಿ ಕೆಲವು ಹೊತ್ತು ಮನೆಭೇಟಿಗೆಂದೇ ಬಿಡುವಿರಬೇಕು, ಅವರು ಕಳಿಸಿದ ಚೀಟಿಯನ್ನು ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸಕರು ಗೌರವದಿಂದ ಓದಬೇಕು.

ಮಾದ ಗಾಯದ ಮೇಲಿನ ಚರ್ಮ ಎಷ್ಟೇ ಗಟ್ಟಿಯಾಗಿ ಕಂಡರೂ ಮೂಲ ಚರ್ಮದ ಶೇ. 80ಕ್ಕಿಂತ ಹೆಚ್ಚಿನ ಬಲವನ್ನು ಪಡೆಯುವುದಿಲ್ಲ. ಮಧುಮೇಹದ ಪಾದದ ಹುಣ್ಣು ಮಾದ ಒಂದು ವರ್ಷದೊಳಗೆ ಸುಮಾರು ಶೇ. 40ರಷ್ಟು ಜನರಲ್ಲಿ ಮರುಕಳಿಸುತ್ತದೆ. ಆದ್ದರಿಂದ ವಹಿಯಲ್ಲಿ ಮಾಯಿತು ಎಂದು ಬರೆದ ದಿನ ಭೇಟಿ ನಿಲ್ಲಬಾರದು. ಅಂದಿನಿಂದ ಮುಖ್ಯವಾಗುವುದು ಚಪ್ಪಲಿ. ಹಿಮ್ಮಡಿಗೆ ಪಟ್ಟಿಯಿರುವ, ಬೆರಳ ಸಂದಿಯಲ್ಲಿ ಉಂಗುಷ್ಠವಿಲ್ಲದ, ಮೆತ್ತನೆಯ ಅಟ್ಟೆಯ ಚಪ್ಪಲಿಯನ್ನು ಪಾದದ ಅಳತೆಗೆ ಹೊಲಿದುಕೊಡುವ ಕೈಗಳು ಈ ನಗರದ ರಸ್ತೆ ಬದಿಯಲ್ಲೇ ಇವೆ. ರಾಜ್ಯದ ಡಾ. ಬಾಬು ಜಗಜೀವನ್ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಲಿಡ್ಕರ್, ಚರ್ಮ ಕುಶಲಕರ್ಮಿಗಳ ಏಳಿಗೆಗೆಂದೇ ಇರುವ ಸಂಸ್ಥೆ. ಯಲಹಂಕ, ಯಶವಂತಪುರಗಳ ಕುಶಲಕರ್ಮಿಗಳಿಗೆ ಅದರ ಮೂಲಕ ಇಂಥ ಪಾದರಕ್ಷೆಯ ತರಬೇತಿ ಕೊಟ್ಟು, ನಮ್ಮ ಕ್ಲಿನಿಕ್ಕಿನ ನರ್ಸ್ ಬರೆದ ಚೀಟಿಯ ಮೇಲೆ ಚಪ್ಪಲಿ ಹೊಲಿಸಿ ಅದರ ಬೆಲೆಯನ್ನು ಸರ್ಕಾರವೇ ಭರಿಸುವ ಏರ್ಪಾಡು ಮಾಡುವುದಕ್ಕೆ, ಒಂದು ಕಾಲು ಕತ್ತರಿಸಿ ಕೃತಕ ಕಾಲು ಕೊಡುವುದಕ್ಕಿಂತ ಬಹಳ ಕಡಿಮೆ ಹಣ ಸಾಕು.